ಕಂಚಿನೊಳಗಿನ ಬೆರಳು

"ಗೊತ್ತಿಲ್ಲ" ಎಂಬ ಒಂದು ಮಾತು ಜನರನ್ನು ಇಷ್ಟು ಕೆರಳಿಸಬಹುದೆಂದು ಲಿಯೋನಾ ಅಂದುಕೊಂಡಿರಲಿಲ್ಲ.

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ನದಿ ದಂಡೆಯಲ್ಲಿ ಒಂದು ಟ್ರಸ್ಟು ನಡೆಸುವ ಸಣ್ಣ ಮ್ಯೂಸಿಯಂ ಇದೆ. ಅಲ್ಲಿ ಅವಳು ಲೋಹದ ವಸ್ತುಗಳ ಸಂರಕ್ಷಕಿ. ತುಕ್ಕು ಹಿಡಿದ ಕೊಡಲಿ, ಹಸಿರುಗಟ್ಟಿದ ಬಳೆ, ಯಾವುದೋ ಕಾಲದ ಮುರಿದ ಬೀಗ ಇಂಥವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ಕಣಕಣವಾಗಿ ಕೆರೆಯುವುದು ಅವಳ ಕೆಲಸ. ಉಡುಪಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಗಂಡ ನೆಲ್ಸನ್‌ಗೆ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆಯ ಕೆಲಸ ಸಿಕ್ಕಾಗ ಜೊತೆಗೆ ಬಂದು, ಇಲ್ಲಿ ಮತ್ತೆ ಮೊದಲಿನಿಂದ ಓದಿ, ಕಡೆಗೆ ಮನುಷ್ಯರಿಗಿಂತ ಲೋಹವೇ ವಾಸಿ ಎಂಬ ತೀರ್ಮಾನಕ್ಕೆ ಬಂದಿದ್ದಳು. ಲೋಹ ತನಗೆ ಗೊತ್ತಿಲ್ಲದ್ದನ್ನು ಮಾತಾಡುವುದಿಲ್ಲ.

ಆ ಬೇಸಿಗೆಯ ಕೊನೆಗೆ ಜರ್ಮನಿಯ ಒಂದು ಊರಿನಿಂದ ರೋಮನ್ ಕಾಲದ ಕೆಲವು ವಸ್ತುಗಳು ಎರವಲು ಬಂದವು. ಅವುಗಳಲ್ಲಿ ಒಂದು, ಮುಷ್ಟಿಗಿಂತ ತುಸು ದೊಡ್ಡದಾದ ಟೊಳ್ಳು ಕಂಚಿನ ವಸ್ತು. ಹನ್ನೆರಡು ಮುಖ, ಪ್ರತಿ ಮುಖಕ್ಕೂ ಐದು ಅಂಚು, ನಡುವೆ ಒಂದು ದುಂಡನೆಯ ತೂತು. ತೂತುಗಳು ಒಂದರಂತೆ ಒಂದಿಲ್ಲ. ಒಂದರಲ್ಲಿ ಪೆನ್ಸಿಲ್ ತೂರಿದರೆ ಇನ್ನೊಂದರಲ್ಲಿ ದೊಡ್ಡ ನಿಂಬೆಹಣ್ಣು ತೂರೀತು. ಮೂಲೆಮೂಲೆಗೂ ಸಣ್ಣ ಗುಂಡುಗಳು. ಇಂಥವು ಯುರೋಪಿನ ಉತ್ತರದ ಭಾಗಗಳಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ. ಆದರೆ ಅದೇನೆಂದು ಯಾವ ರೋಮನ್ನನೂ ಬರೆದಿಟ್ಟಿಲ್ಲ, ಎಲ್ಲೂ ಚಿತ್ರ ಬಿಡಿಸಿಲ್ಲ. ಹಾಗಾಗಿ ಗಾಜಿನ ಪೆಟ್ಟಿಗೆಯ ಪಕ್ಕದ ಫಲಕದಲ್ಲಿ ಲಿಯೋನಾ ಬರೆಸಿದ್ದು ಇಷ್ಟೇ: "ಕಂಚು. ಉಪಯೋಗ ಗೊತ್ತಿಲ್ಲ."

ಜನಕ್ಕೆ ಇದನ್ನು ಸಹಿಸಲಾಗಲಿಲ್ಲ. ಹೆಣಿಗೆ ಹಾಕುವ ಹೆಂಗಸು ಬಂದಳು. ಅದು ಕೈಗವಸಿನ ಬೆರಳು ಹೆಣೆಯುವ ಸಾಧನ, ಇಷ್ಟೂ ತಿಳಿಯದೇ ಎಂದಳು. ನಿವೃತ್ತ ಭೂಮಾಪಕ ಬಂದ. ಜಮೀನು ಅಳೆಯುವ ಉಪಕರಣ ಎಂದ. ಮೇಣದಬತ್ತಿ ಮಾರುವವನಿಗೆ ಅದು ಬತ್ತಿ ನಿಲ್ಲಿಸುವ ಕಂಬವಾಯಿತು, ಚರ್ಚಿನ ಪಾದ್ರಿಗೆ ಅನ್ಯಧರ್ಮದವರ ಪೂಜಾವಸ್ತುವಾಯಿತು. ಪ್ರತಿಯೊಬ್ಬರೂ ಆ ತೂತಿನಲ್ಲಿ ಇಣುಕಿ ತಮ್ಮ ಮುಖವನ್ನೇ ನೋಡಿಕೊಂಡು ಬರುತ್ತಿದ್ದರು. ವಾರದ ಕೊನೆಗೆ ಮನೆಗೆ ಬಂದ ನೆಲ್ಸನ್ ಕೂಡ ಫೋಟೋ ನೋಡಿ, "ಮಾತ್ರೆ ಅಳೆಯೋ ಅಚ್ಚು ಇರಬಹುದಾ?" ಎಂದು ಕೊಂಕಣಿಯಲ್ಲಿ ಕೇಳಿದ. ಅವಳು ಅವನ ತಟ್ಟೆಗೆ ಮೀನುಸಾರು ಬಡಿಸಿದಳು. ಗಂಡನನ್ನು ತಾತ್ಸಾರ ಮಾಡುವುದು ಅವಳಿಗೆ ಇಷ್ಟವಿರಲಿಲ್ಲ. ಆದರೆ ಇಂಥ ಮಾತು ಆಡಿದರೆ ಅವಳಾದರೂ ಏನು ಮಾಡಿಯಾಳು?

ಇವರೆಲ್ಲರನ್ನೂ ಮೀರಿಸಿದವರು ಎಸ್ಕಿಲ್‌ಸ್ಟುನಾದ ರಘುನಾಥ.

ರಘುನಾಥರು ಬೆಂಗಳೂರಿನ ಜಯನಗರದವರು. ದೊಡ್ಡ ಯಂತ್ರಗಳಿಗೆ ಹೈಡ್ರಾಲಿಕ್ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಹಿರಿಯ ಎಂಜಿನಿಯರು. ಆ ಭಾಗದ ಕನ್ನಡ ಕೂಟಕ್ಕೆ ವರ್ಷಗಟ್ಟಲೆಯಿಂದ ಅವರೇ ಅಧ್ಯಕ್ಷರು, ಬೇರೆ ಯಾರಿಗೂ ಬೇಡವಾದ್ದರಿಂದ. ಕೂಟದ ಸಭೆಯಲ್ಲಿ ಇಡ್ಲಿ ಯಾಕೆ ಗಟ್ಟಿಯಾಯಿತು ಎಂಬುದರಿಂದ ಹಿಡಿದು ಸ್ವೀಡನ್‌ನಲ್ಲಿ ಮನೆ ಬಾಡಿಗೆ ಯಾಕೆ ಏರಿತು ಎಂಬುದರವರೆಗೆ ಅವರಿಗೆ ಗೊತ್ತಿಲ್ಲದ ಕಾರಣವೇ ಇರಲಿಲ್ಲ. ಯಾರಾದರೂ ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಹೇಳಿ, ಆಮೇಲೆ ಪ್ರಶ್ನೆಯನ್ನೂ ತಾವೇ ತಿದ್ದಿಕೊಡುತ್ತಿದ್ದರು.

ಅವರು ಮ್ಯೂಸಿಯಂನ ಜಾಲತಾಣದಲ್ಲಿ ಫಲಕ ಓದಿ, ನಿರ್ದೇಶಕ ಊಲ್ಫ್‌ಗೆ ಉದ್ದದ ಈಮೇಲ್ ಬರೆದರು. ಅದು ಕೊಳವೆಗಳ ಅಳತೆ ನೋಡುವ ಗೇಜ್ ಎಂದೂ, ಎಂಜಿನಿಯರನಾದವನಿಗೆ ಇದು ಒಂದು ನೋಟಕ್ಕೆ ತಿಳಿಯುತ್ತದೆಂದೂ, ಇಷ್ಟು ಕಾಲ ಇತಿಹಾಸಕಾರರು ಸಂಬಳ ತೆಗೆದುಕೊಂಡು ಸುಮ್ಮನೆ ಕೂತಿದ್ದು ಆಶ್ಚರ್ಯವೆಂದೂ ಬರೆದಿದ್ದರು. ಊಲ್ಫ್‌ಗೆ ಪರಮಾನಂದವಾಯಿತು. ಇತಿಹಾಸದಲ್ಲಿ ಅವನಿಗೆ ಯಾವ ಆಸಕ್ತಿಯೂ ಇರಲಿಲ್ಲ. ಇದ್ದದ್ದು ಬಾಗಿಲಲ್ಲಿ ತಲೆ ಎಣಿಸುವುದರಲ್ಲಿ ಮಾತ್ರ.

"ಲಿಯೋನಾ, ಇವರು ನಿಮ್ಮವರೇ ಅಲ್ವಾ?" ಎಂದು ಅವನು ಸ್ವೀಡಿಷ್‌ನಲ್ಲಿ ಕೇಳಿದ. "ಒಂದು ಭಾಷಣ ಇಡೋಣ. ಪತ್ರಿಕೆಯವರನ್ನ ಕರೆಯೋಣ. ಅವರ ಕೈಗೆ ಆ ವಸ್ತು ಕೊಟ್ಟು ಒಂದು ಫೋಟೋ."

"ಕೈಗೆ ಕೊಡೋ ಹಾಗಿಲ್ಲ. ಎರವಲಿನ ಕರಾರಿನಲ್ಲಿ ಹಾಗಿದೆ. ಒಂದು ಮುಖದಲ್ಲಿ ಹಳೇ ಬಿರುಕಿದೆ. ಒಳಗೆ ಮೇಣದ ಕಲೆ ಇದೆ, ಅದನ್ನಿನ್ನೂ ಯಾರೂ ಪರೀಕ್ಷೆ ಮಾಡಿಲ್ಲ."

"ನೀವು ಹತ್ತಿರ ಇರ್ತೀರಲ್ಲ. ಗ್ಲೌಸ್ ಹಾಕ್ಕೊಳ್ಳಲಿ. ಒಂದು ನಿಮಿಷ, ಅಷ್ಟೇ."

ಅವನು ಜರ್ಮನಿಗೆ ತಾನೇ ಫೋನು ಮಾಡಿ, ತಜ್ಞರೊಬ್ಬರು ಅಳತೆ ನೋಡಲಿದ್ದಾರೆಂದು ಹೇಳಿ ಒಪ್ಪಿಗೆಯನ್ನೂ ಪಡೆದುಬಿಟ್ಟ. ತಜ್ಞರು! ಲಿಯೋನಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರಿನ ಒಂದು ಶನಿವಾರ ರಘುನಾಥರು ಕೂಟದ ಜನರನ್ನು ನಾಲ್ಕಾರು ಕಾರುಗಳಲ್ಲಿ ತುಂಬಿಕೊಂಡು ಬಂದರು. ಕಡುನೀಲಿ ಕೋಟು, ಟೈ. ಜೊತೆಯಲ್ಲಿ ಹೆಂಡತಿ ಶಾರದಾ, ಕೈಯಲ್ಲಿ ಕೋಡುಬಳೆಯ ಡಬ್ಬಿ. ಗಂಡ ಮಾತಾಡುವಾಗ ಎಲ್ಲಿ ನೋಡಬೇಕೆಂದು ಬಹಳ ಹಿಂದೆಯೇ ನಿರ್ಧರಿಸಿಕೊಂಡವರಂತೆ ಆಕೆ ಕಿಟಕಿಯಾಚೆಯ ನದಿಯನ್ನು ನೋಡುತ್ತ ಕೂತರು.

ಭಾಷಣ ಇಂಗ್ಲಿಷಿನಲ್ಲಿ ನಡೆಯಿತು. ರಘುನಾಥರು ತಾವೇ ಅಲ್ಯೂಮಿನಿಯಂನಲ್ಲಿ ಕಡೆಸಿದ ಮಾದರಿಯೊಂದನ್ನು ತಂದಿದ್ದರು. ಬಗೆಬಗೆಯ ರಬ್ಬರ್ ಕೊಳವೆಗಳ ತುಂಡುಗಳನ್ನು ಒಂದೊಂದು ತೂತಿಗೂ ತೂರಿಸಿ, "ಪರ್ಫೆಕ್ಟ್ ಫಿಟ್!" ಎನ್ನುತ್ತಿದ್ದರು. ಪ್ರತಿ ಫಿಟ್ಟಿಗೂ ಕೂಟದವರು ಚಪ್ಪಾಳೆ ತಟ್ಟಿದರು. ತಾನೇ ಮಾಡಿದ ತೂತಿಗೆ ತಾನೇ ಆರಿಸಿದ ಕೊಳವೆ ಹೊಂದದೆ ಇನ್ನೇನಾದೀತು ಎಂದು ಆ ಸಭೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಓದಿದವರು, ಕಂಪ್ಯೂಟರಿಗೆ ಬುದ್ಧಿ ಕಲಿಸುವವರು.

ಕೊನೆಗೆ ಪ್ರಶ್ನೆಗಳಿವೆಯೇ ಎಂದಾಗ ಲಿಯೋನಾ ಕೈ ಎತ್ತಿದಳು. ಅವಳು ಕನ್ನಡದಲ್ಲೇ ಕೇಳಿದಳು. ಬೆಂಗಳೂರಿನವರ ಮುಂದೆ ತನ್ನ ಊರಿನ ಧಾಟಿಯನ್ನು ಅದುಮಿಡುವುದು ಅವಳಿಗೆ ರೂಢಿಯಾಗಿತ್ತು.

"ಸರ್, ಸಿಕ್ಕಿರೋ ಅಷ್ಟೂ ವಸ್ತುಗಳಲ್ಲಿ ಒಂದರ ತೂತಿನ ಅಳತೆ ಇನ್ನೊಂದಕ್ಕೆ ಹೊಂದೋದಿಲ್ಲ. ಯಾವುದರ ಮೇಲೂ ಅಂಕಿ ಇಲ್ಲ. ಅಳತೆ ಇಲ್ಲದ ಅಳತೆಗೋಲು ಯಾವ ಕೆಲಸಕ್ಕೆ ಬರುತ್ತೆ?"

ರಘುನಾಥರು ಮಗುವಿನ ಕಡೆ ನೋಡುವಂತೆ ನಕ್ಕರು. "ನೋಡಮ್ಮಾ, ಇದನ್ನ ಎಂಜಿನಿಯರಿಂಗ್ ಆಂಗಲ್ ಇಂದ ನೋಡ್ಬೇಕು. ಒಬ್ಬೊಬ್ಬ ವರ್ಕ್‌ಮನ್‌ಗೂ ಅವನವನ ಸ್ಟ್ಯಾಂಡರ್ಡ್. ನೀವು ಕ್ಲೀನಿಂಗ್ ಸೈಡ್ ಅಲ್ವಾ? ದಟ್ ಈಸ್ ಆಲ್ಸೋ ವೆರಿ ಇಂಪಾರ್ಟೆಂಟ್."

ಕ್ಲೀನಿಂಗ್ ಸೈಡ್. ಲಿಯೋನಾಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿನವರನ್ನು ತಮ್ಮ ಸಮಕ್ಕೆ ಇಟ್ಟುಕೊಂಡಿರಬೇಕು.

ಆಮೇಲೆ ಫೋಟೋದ ಹೊತ್ತು. ಲಿಯೋನಾ ಪೆಟ್ಟಿಗೆಯ ಗಾಜು ತೆಗೆದು, ಕಂಚನ್ನು ಎರಡೂ ಕೈಯಿಂದ ಎತ್ತಿ, ಮೆತ್ತೆ ಹಾಸಿದ ಮೇಜಿನ ಮೇಲಿಟ್ಟಳು. ರಘುನಾಥರ ಕೈಗೆ ನೀಲಿ ಗ್ಲೌಸ್ ತೊಡಿಸಿದಳು. "ಮೇಜಿನಿಂದ ಎತ್ತಬೇಡಿ ಸರ್. ಹೀಗೆ ಎರಡು ಕಡೆ ಹಿಡೀರಿ, ಅಷ್ಟೇ." ಅವರು ತಲೆಯಾಡಿಸಿದರು. ಫೋಟೋದವನು ಲಿಯೋನಾಳಿಗೆ ಬೆಳಕಿಗೆ ಅಡ್ಡ ಬರುತ್ತಿದ್ದೀರಿ, ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದ. ಅವಳು ಪಕ್ಕಕ್ಕೆ ಹೋಗಿ ತಿರುಗುವಷ್ಟರಲ್ಲಿ ರಘುನಾಥರು ಬಲಗೈಯ ಗ್ಲೌಸ್ ಕಳಚಿ ಜೇಬಿಗೆ ಹಾಕಿಕೊಂಡಿದ್ದರು. "ಗ್ಲೌಸ್ ಇದ್ರೆ ಫಿಟ್ ಗೊತ್ತಾಗಲ್ಲ," ಎಂದು ಕ್ಯಾಮೆರಾದ ಕಡೆ ನಗುತ್ತ ತೋರುಬೆರಳನ್ನು ಒಂದು ತೂತಿನೊಳಗೆ ತೂರಿಸಿದರು. ಬೆರಳ ಗಂಟಿನಲ್ಲಿ ಬಿಗಿಯಾಯಿತು. ಅವರು ಒತ್ತಿದರು. ಬೆರಳು ಬುಡದ ತನಕ ಒಳಗೆ ಹೋಯಿತು.

"ಪರ್ಫೆಕ್ಟ್ ಫಿಟ್," ಎಂದರು ರಘುನಾಥ.

ನಿಜವಾಗಿಯೂ ಹಾಗೇ ಇತ್ತು. ಬೆರಳು ಹೊರಗೆ ಬರಲಿಲ್ಲ.

ಮೊದಲು ಅವರು ತಮಾಷೆ ಮಾಡಿದರು. ಆಮೇಲೆ ತಿರುಗಿಸಿದರು. ಆಮೇಲೆ ಎಳೆಯತೊಡಗಿದರು. ಆಗ ಲಿಯೋನಾ ಓಡಿಬಂದು ಅವರ ಮಣಿಕಟ್ಟನ್ನು ಹಿಡಿದು, ಇಡೀ ಸಭಾಂಗಣಕ್ಕೆ ಕೇಳುವಂತೆ ಉಡುಪಿಯ ಧಾಟಿಯಲ್ಲೇ ಕೂಗಿದಳು: "ಎಳೀಬೇಡಿ ಮಾರಾಯ್ರೇ! ಅದಕ್ಕೆ ಬಿರುಕುಂಟು!"

ಕೂಟದವರೆಲ್ಲ ಎದ್ದು ನಿಂತು ಸಲಹೆ ಕೊಡಲು ಶುರುಮಾಡಿದರು. ಸೋಪು ಹಾಕಿ ಎಂದರೊಬ್ಬರು. ಕೊಬ್ಬರಿ ಎಣ್ಣೆ ಎಂದರೊಬ್ಬರು. ಸಂಕೇತ್ ಎಂಬ ತರುಣ ಆಗಲೇ ಫೋನು ತೆಗೆದು ವೀಡಿಯೊ ಹುಡುಕುತ್ತಿದ್ದ. ಊಲ್ಫ್‌ನ ಮುಖ ಬಿಳಿಚಿಕೊಂಡಿತ್ತು. ಅವನು ಮೊದಲು "ವಿಮೆ" ಎಂದ. ಆಮೇಲೆ ಸುಧಾರಿಸಿಕೊಂಡು, "ಎಲ್ಲರೂ ಕೆಳಗೆ ಕೆಫೆಗೆ ಬನ್ನಿ, ಫೀಕಾ ಇದೆ," ಎಂದ. ಅವನಿಗೆ ಗೊತ್ತಿದ್ದ ಪರಿಹಾರ ಅದೊಂದೇ. ನೆರೆ ಬಂದು ಊರು ಮುಳುಗಿದರೂ ಅವನು ಕಾಫಿ ಮತ್ತು ದಾಲ್ಚಿನ್ನಿ ಬನ್ನು ಹಂಚುತ್ತಿದ್ದ. ಆದರೆ ಆ ದಿನ ಅದರಿಂದ ಉಪಕಾರವಾಯಿತು; ಜನ ಇಳಿದು ಹೋದರು.

ಲಿಯೋನಾ ರಘುನಾಥರನ್ನು ಮೇಲಿನ ಮಹಡಿಯ ತನ್ನ ಪ್ರಯೋಗಾಲಯಕ್ಕೆ ನಡೆಸಿಕೊಂಡು ಹೋದಳು. ಬಲಗೈಯನ್ನು ಅವರೇ ಎಡಗೈಯಿಂದ ಹಿಡಿದು, ಅವಳು ಕಂಚಿಗೆ ಕೆಳಗಿನಿಂದ ಆಸರೆ ಕೊಟ್ಟು, ಮೆಟ್ಟಿಲು ಹತ್ತಿದರು. ಊಲ್ಫ್ ಹಿಂದೆ ಬಂದ.

"ಅಗ್ನಿಶಾಮಕದವರನ್ನ ಕರೆಯೋಣವಾ? ಉಂಗುರ ಕತ್ತರಿಸೋ ಯಂತ್ರ ಅವರ ಹತ್ರ ಇರುತ್ತೆ."

"ಯಾವುದನ್ನ ಕತ್ತರಿಸಬೇಕು ಅಂತ ಅವರು ಕೇಳ್ತಾರೆ," ಎಂದಳು ಲಿಯೋನಾ. "ಏನು ಹೇಳ್ತೀರಿ?"

ಊಲ್ಫ್ ರಘುನಾಥರ ಬೆರಳನ್ನು ನೋಡಿದ, ಕಂಚನ್ನು ನೋಡಿದ. ಅವನು ಉತ್ತರ ಕೊಡದಿದ್ದದ್ದನ್ನು ಸ್ವೀಡಿಷ್ ಚೆನ್ನಾಗಿ ಬರುವ ರಘುನಾಥರು ಗಮನಿಸಿದರು. ಅವರ ಹಣೆಯಲ್ಲಿ ಬೆವರು ಕಾಣಿಸಿತು.

ಲಿಯೋನಾ ಆರೋಗ್ಯ ಸಹಾಯವಾಣಿಗೆ ಫೋನು ಮಾಡಿದಳು. ನರ್ಸು ಬೆರಳ ತುದಿಯ ಬಣ್ಣ ಕೇಳಿದಳು. ಲಿಯೋನಾ ಟಾರ್ಚು ಹಿಡಿದು ಪಕ್ಕದ ತೂತಿನಲ್ಲಿ ಇಣುಕಿ, ಕೆಂಪಗಿದೆ, ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ ಎಂದಳು. ಕೈ ಎತ್ತಿ ಹಿಡಿಯಿರಿ, ತಣ್ಣಗಿಡಿ, ನೀಲಿಯಾದರೆ ಅಥವಾ ಜೋಮು ಹಿಡಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದಳು ನರ್ಸು. ಶಾರದಾ ಮಂಜುಗಡ್ಡೆ ತರಲು ಕೆಳಗೆ ಹೋದರು. ಬಾಗಿಲ ಬಳಿ ನಿಂತು ತಿರುಗಿ ಲಿಯೋನಾಗೆ ಹೇಳಿದರು: "ಅದು ಸಾವಿರಾರು ವರ್ಷದ್ದು ಅಂದ್ರಲ್ಲ, ಅದನ್ನ ಮೊದಲು ನೋಡ್ಕೊಳ್ಳಿ. ಇವರಿಗೆ ಇನ್ನೂ ಒಂಬತ್ತು ಬೆರಳಿದೆ."

"ಏನು ಮಾತು ಅಂತ ಆಡ್ತೀಯೇ!" ಎಂದರು ರಘುನಾಥ. ಆದರೆ ದನಿಯಲ್ಲಿ ಮೊದಲಿನ ಗಾಳಿ ಇರಲಿಲ್ಲ.

ಎಣ್ಣೆ, ಸೋಪು ಯಾವುದನ್ನೂ ಬಳಸುವಂತಿರಲಿಲ್ಲ. ಒಳಗಿನ ಮೇಣದ ಕಲೆಗೆ ತಗುಲಿದರೆ ಅದು ರೋಮನ್ನರ ಮೇಣವೋ ಮೊನ್ನೆಯ ಸೋಪೋ ಎಂದು ಯಾವ ಪರೀಕ್ಷೆಯೂ ಹೇಳಲಾರದು. ಉಳಿದದ್ದು ದಾರದ ಉಪಾಯ. ಬಿಗಿದ ಉಂಗುರ ತೆಗೆಯಲು ಬೆರಳಿಗೆ ದಾರ ಒತ್ತಾಗಿ ಸುತ್ತಿ, ಊತ ಇಳಿಸಿ, ಉಂಗುರದಡಿ ತೂರಿಸಿದ ತುದಿಯನ್ನು ಹಿಡಿದು ಬಿಚ್ಚುತ್ತ ಬರುತ್ತಾರಲ್ಲ, ಅದೇ. ತೊಡಕೆಂದರೆ ಇಲ್ಲಿ ಸುತ್ತಬೇಕಾದ ಬೆರಳು ಕಂಚಿನ ಹೊಟ್ಟೆಯೊಳಗಿತ್ತು. ಪಕ್ಕದ ತೂತುಗಳಿಂದ ಬಾಗಿದ ಚಿಮಟಗಳನ್ನು ಇಳಿಸಿ ಒಂದೊಂದೇ ಸುತ್ತು ಹಾಕಬೇಕು. ಅಷ್ಟು ಹೊತ್ತೂ ಅವರ ಕೈ ತಲೆಗಿಂತ ಮೇಲಿರಬೇಕು, ಅಲುಗಬಾರದು.

ಲಿಯೋನಾ ಎತ್ತರದ ಸ್ಟ್ಯಾಂಡಿಗೆ ಮೆತ್ತೆ ಕಟ್ಟಿ, ಅವರ ಮೊಣಕೈಯನ್ನು ಅದರ ಮೇಲಿಟ್ಟಳು. ವಸ್ತುಗಳನ್ನು ಪೀಠಕ್ಕೆ ಕಟ್ಟಲು ಬಳಸುವ ಸಣ್ಣ ದಾರ ತೆಗೆದುಕೊಂಡಳು. ಕಣ್ಣಿಗೆ ಭೂತಗನ್ನಡಿಯ ಕನ್ನಡಕ ಏರಿಸಿ ಕೆಲಸ ಶುರುಮಾಡಿದಳು. ಊಲ್ಫ್ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದು, ಪತ್ರಿಕೆಯವರನ್ನು ಮಾತಾಡಿಸಬೇಕೆಂದು ಹೊರಟುಹೋದ. ಇಬ್ಬರೇ ಉಳಿದರು.

"ನೋವಾಗ್ತಿದೆಯಾ ಸರ್?"

"ಇಲ್ಲ ಇಲ್ಲ. ಇಟ್ಸ್ ಫೈನ್." ಕಂಚಿನ ಕಡೆ ನೋಡಿ, "ಕತ್ತರಿಸಬೇಕಾಗಲ್ಲ ಅಲ್ವಾ?"

"ಅಲ್ಲಾಡದೆ ಇದ್ರೆ ಬೇಕಾಗಲ್ಲ."

ಕೈ ಅಲುಗದಿರಲೆಂದು ಅವಳು ಎಡಗೈಯಿಂದ ಅವರ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ತಾನು ತಾತ್ಸಾರ ಮಾಡುವ ಮನುಷ್ಯನ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡಿರುವುದು ಅವಳಿಗೆ ಹೊಸದು. ಕೈ ಬೆಚ್ಚಗಿತ್ತು, ಒದ್ದೆಯಾಗಿತ್ತು, ಉಗುರುಗಳನ್ನು ನೀಟಾಗಿ ಕತ್ತರಿಸಿಕೊಂಡಿದ್ದರು. ಬೆರಳ ಗಂಟುಗಳು ಸಂಧಿವಾತದಿಂದ ದಪ್ಪಗಾಗಿದ್ದವು.

"ಒಂದು ಕೇಳ್ಲಾ?" ಎಂದರು ರಘುನಾಥ. "ಉಪಯೋಗ ಗೊತ್ತಿಲ್ಲ ಅಂತ ಬೋರ್ಡ್ ಬರೆದು ಹಾಕಿದೀರಲ್ಲ, ನಿಮಗೆ ನಾಚಿಕೆ ಆಗಲ್ವಾ?"

"ಇಲ್ಲ."

"ಯಾರೂ ಬೈಯಲ್ವಾ? ನಿಮ್ಮ ಬಾಸು?"

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದ್ರೆ ಬೈಬೇಕು. ಅದಕ್ಕೆ ಯಾರೂ ಬೈಯಲ್ಲ, ಅದು ಬೇರೆ ವಿಷಯ."

ಅವರು ನಗಲಿಲ್ಲ. ಅವಳು ಚಿಮಟದಲ್ಲಿ ದಾರದ ತುದಿ ಹಿಡಿದು ಬೆರಳ ಆಚೆ ಬದಿಯಿಂದ ಎಳೆದುಕೊಂಡಳು.

"ನಮ್ಮಲ್ಲಿ ಹೋದ ವರ್ಷ ಒಂದು ಸಿಲಿಂಡರ್ ಟೆಸ್ಟಲ್ಲಿ ಕ್ರ್ಯಾಕ್ ಆಯ್ತು," ಎಂದರು ರಘುನಾಥ. ಅವರು ಅವಳ ಕಡೆ ನೋಡದೆ ಗೋಡೆಯ ಕಡೆ ನೋಡಿ ಮಾತಾಡುತ್ತಿದ್ದರು. "ಯಾಕೆ ಅಂತ ಕೇಳಿದ್ರು ಮೀಟಿಂಗಲ್ಲಿ. ನಾನು ಇನ್ನೂ ಗೊತ್ತಿಲ್ಲ, ಟೈಮ್ ಬೇಕು ಅಂದೆ. ನಿಜ ಅದೇ. ಸಮಿತ್ ಅಂತ ಹೊಸ ಮ್ಯಾನೇಜರ್, ನನ್ನ ಮಗನ ವಯಸ್ಸು. ಓಕೆ, ಗೊತ್ತಿರೋರನ್ನ ಕೇಳೋಣ ಅಂದ. ಎಲ್ಲರೂ ನಕ್ಕರು. ಜೋಕ್ ತರಹ. ಮಾರನೇ ವಾರ ನನಗೆ ಸೀನಿಯರ್ ಅಡ್ವೈಸರ್ ಅಂತ ಬೋರ್ಡ್ ಹಾಕಿ ಒಂದು ರೂಮ್ ಕೊಟ್ರು. ಒಳ್ಳೇ ರೂಮು. ಕಿಟಕಿ ಇದೆ. ಆವತ್ತಿಂದ ಯಾರೂ ಏನೂ ಅಡ್ವೈಸ್ ಕೇಳಿಲ್ಲ."

ಲಿಯೋನಾಳ ಚಿಮಟ ಒಂದು ಕ್ಷಣ ನಿಂತಿತು.

"ಆ ರೂಮಲ್ಲಿ ಕೂತು ಇದನ್ನ ಡಿಸೈನ್ ಮಾಡಿದ್ದು," ಎಂದರು ಅವರು. "ಅಲ್ಯೂಮಿನಿಯಂದು. ಕ್ರ್ಯಾಕ್ ಯಾಕಾಯ್ತು ಅಂತ ಇನ್ನೂ ನನಗೆ ಗೊತ್ತಾಗಿಲ್ಲ. ಅವರಿಗೂ ಗೊತ್ತಾಗಿಲ್ಲ. ಆದ್ರೆ ಆ ಸಮಿತ್ ಏನೋ ಒಂದು ಹೇಳಿದ. ಎಲ್ಲರೂ ಒಪ್ಪಿಕೊಂಡ್ರು."

ಬಾಗಿಲಲ್ಲಿ ಸದ್ದಾಯಿತು. ಶಾರದಾ ಬಟ್ಟೆಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ನಿಂತಿದ್ದರು. ಯಾವಾಗ ಬಂದರೋ ಲಿಯೋನಾ ನೋಡಿರಲಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವರ ಕಾಲ ಬಳಿ ನೆಲ ಒದ್ದೆಯಾಗಿತ್ತು. ಆಕೆ ಒಳಗೆ ಬಂದು ಮಂಜುಗಡ್ಡೆಯ ಗಂಟನ್ನು ಗಂಡನ ಮಣಿಕಟ್ಟಿಗೆ ಒತ್ತಿ ಹಿಡಿದರು.

ಕೆಲಸ ಮುಗಿಯುವ ಹೊತ್ತಿಗೆ ಲಿಯೋನಾಳ ಕುತ್ತಿಗೆ ಮರಗಟ್ಟಿತ್ತು. ಅವಳು ದಾರದ ಒಳತುದಿಯನ್ನು ತೂತಿನ ಅಂಚಿಗೂ ಬೆರಳಿಗೂ ನಡುವಿನ ಕೂದಲೆಳೆಯಷ್ಟು ಜಾಗದಿಂದ ಹೊರಗೆಳೆದು, ನಿಧಾನವಾಗಿ ಬಿಚ್ಚತೊಡಗಿದಳು. ಒಂದೊಂದು ಸುತ್ತಿಗೂ ಕಂಚು ಒಂದಿಷ್ಟೇ ಮೇಲೆ ಸರಿಯಿತು. ಗಂಟಿನ ಹತ್ತಿರ ರಘುನಾಥರು ಹಲ್ಲು ಕಚ್ಚಿ "ಅಮ್ಮಾ" ಎಂದರು, ಮೆಲ್ಲಗೆ, ಯಾರಿಗೂ ಕೇಳದಿರಲೆಂಬಂತೆ. ಆ ಗಳಿಗೆಯಲ್ಲಿ ಲಿಯೋನಾಗೆ ಅವರ ಮೇಲಿದ್ದ ತಾತ್ಸಾರವೆಲ್ಲ ಎಲ್ಲೋ ಹೋಗಿತ್ತು. ಹುಡುಕಿದರೂ ಸಿಗಲಿಲ್ಲ. ಅದು ಅವಳಿಗೆ ಅಹಿತವೆನಿಸಿತು. ಇಷ್ಟು ದಿನ ಒರಗಿಕೊಂಡಿದ್ದ ಗೋಡೆಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ.

ಕಂಚು ಕಳಚಿ ಅವಳ ಅಂಗೈಗೆ ಬಂತು. ಬಿರುಕು ಹಿಗ್ಗಿರಲಿಲ್ಲ. ಅವಳು ಅದನ್ನು ಮೆತ್ತೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಊಲ್ಫ್ ಫೋಟೋದವನನ್ನು ಕರೆದುಕೊಂಡು ಬಂದ. ರಘುನಾಥರು ಕುರ್ಚಿಯಲ್ಲಿ ಕುಸಿದಂತೆ ಕೂತು ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡಿದ್ದರು. ಕ್ಯಾಮೆರಾ ಕಂಡದ್ದೇ ಬೆನ್ನು ನೆಟ್ಟಗಾಯಿತು. ಟೈ ಸರಿಮಾಡಿಕೊಂಡರು. ಕೆಂಪಾಗಿ ಊದಿದ ಬೆರಳನ್ನು ಮೇಲೆತ್ತಿ ಇಂಗ್ಲಿಷಿನಲ್ಲಿ ಹೇಳಿದರು: "ಇದು ಆಕಸ್ಮಿಕ ಅಲ್ಲ. ಇದೊಂದು ಪ್ರಯೋಗ. ಈಗ ನನಗೆ ಸ್ಪಷ್ಟವಾಯ್ತು. ನನ್ನ ಮೊದಲಿನ ಥಿಯರಿ ತಪ್ಪು. ಇದು ಪೈಪ್ ಗೇಜ್ ಅಲ್ಲವೇ ಅಲ್ಲ. ಇದು ಕೈದಿಗಳ ಬೆರಳು ಸಿಕ್ಕಿಸಿ ಬಂಧಿಸೋ ಸಾಧನ. ಈ ಗುಂಡುಗಳಿಗೆ ಸರಪಳಿ ಕಟ್ಟುತ್ತಿದ್ದರು. ತೂತುಗಳು ಬೇರೆ ಬೇರೆ ಯಾಕೆ? ಬೆರಳುಗಳು ಬೇರೆ ಬೇರೆ. ಇದನ್ನ ಸ್ವಂತ ಅನುಭವದಿಂದ ಸಿದ್ಧ ಮಾಡಿದ ಮೊದಲ ಮನುಷ್ಯ ನಾನೇ."

ಊಲ್ಫ್‌ನ ಕಣ್ಣು ಅರಳಿತು. ಫೋಟೋದವನು ಬರೆದುಕೊಂಡ.

ಲಿಯೋನಾಗೆ ತನ್ನ ತಾತ್ಸಾರ ಇಡಿಯಾಗಿ ವಾಪಸು ಸಿಕ್ಕಿತು. ಅವಳು ಅದನ್ನು ಬಹುಮಟ್ಟಿಗೆ ಸಂತೋಷದಿಂದಲೇ ಬರಮಾಡಿಕೊಂಡಳು.

ಮಾರನೆಯ ದಿನದ ಪತ್ರಿಕೆಯಲ್ಲಿ ಊದಿದ ಬೆರಳು ದೊಡ್ಡದಾಗಿ ಬಂತು. ಜರ್ಮನಿಗೆ ನಡೆದದ್ದನ್ನು ನಡೆದ ಹಾಗೆ ತಿಳಿಸಬೇಕೆಂದು ಲಿಯೋನಾ, "ಸಣ್ಣ ಅಡಚಣೆ" ಎಂದಷ್ಟೇ ಹೇಳೋಣವೆಂದು ಊಲ್ಫ್. ಅವಳು ನಡೆದದ್ದನ್ನೇ ಹೇಳಿದಳು, ಬೆವರು ಮತ್ತು ಗ್ಲೌಸ್ ಸಮೇತ. ಅಲ್ಲಿನವರು ಜಗಳ ಮಾಡಲಿಲ್ಲ. ಒಬ್ಬ ಹೆಂಗಸು ರೈಲಿನಲ್ಲಿ ಬಂದು, ಕಂಚನ್ನು ಪರೀಕ್ಷಿಸಿ, ಲಿಯೋನಾಳ ಕೈ ಕುಲುಕಿ, ಊಲ್ಫ್‌ನ ಕೈ ಕುಲುಕದೆ, ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಾಪಸು ಹೋದಳು. ಬೆವರು ಮೇಣಕ್ಕೆ ತಗುಲಿದೆಯೋ ಇಲ್ಲವೋ ಮುಂದೆ ನೋಡಬೇಕು ಎಂದಳು.

ಊಲ್ಫ್ ಖಾಲಿ ಗಾಜಿನ ಪೆಟ್ಟಿಗೆಯಲ್ಲಿ ರಘುನಾಥರ ಬೆರಳಿನ ಫೋಟೋ ಇಟ್ಟ. ವಸ್ತುವಿದ್ದಾಗ ಬಂದದ್ದಕ್ಕಿಂತ ಹೆಚ್ಚು ಜನ ಅದನ್ನು ನೋಡಲು ಬಂದರು. ಪಕ್ಕದಲ್ಲಿ "ಕೈದಿಗಳ ಸಾಧನವಿರಬಹುದು" ಎಂದು ಬರೆಸಲು ಹೊರಟಾಗ, ಹಾಗಾದರೆ ತನ್ನ ರಾಜೀನಾಮೆಯನ್ನೂ ಅದೇ ಪೆಟ್ಟಿಗೆಯಲ್ಲಿ ಇಡಬಹುದು ಎಂದಳು ಲಿಯೋನಾ. ಅವನು ಬರೆಸಲಿಲ್ಲ. ನೋಡಿದವರು ಮಾತ್ರ ತಮ್ಮತಮ್ಮಲ್ಲಿ ಅದನ್ನೇ ಹೇಳಿಕೊಂಡರು.

ನವೆಂಬರಿನಲ್ಲಿ ಕೂಟದ ದೀಪಾವಳಿ ಓರೆಬ್ರೂದ ಒಂದು ಬಾಡಿಗೆ ಸಭಾಂಗಣದಲ್ಲಿ ನಡೆಯಿತು. ಲಿಯೋನಾಗೆ ಹೋಗುವ ಮನಸ್ಸಿರಲಿಲ್ಲ. ಹೋಳಿಗೆಯ ಆಸೆಗೆ ನೆಲ್ಸನ್ ಎಳೆದುಕೊಂಡು ಹೋದ. ಮಕ್ಕಳು ವೇದಿಕೆಯ ಮುಂದೆ ಸ್ವೀಡಿಷ್‌ನಲ್ಲಿ ಜಗಳವಾಡುತ್ತಿದ್ದವು. ರಘುನಾಥರು ಮೈಕು ಹಿಡಿದು, ರೋಮನ್ ಕಾರಾಗೃಹ ವ್ಯವಸ್ಥೆಯ ಬಗ್ಗೆ ಮಾತಾಡಿ, ಅಲ್ಯೂಮಿನಿಯಂ ಮಾದರಿಗೆ ಸೈಕಲ್ಲಿನ ಸರಪಳಿ ಕಟ್ಟಿ ತೋರಿಸಿದರು.

"ಈ ಪ್ರಯೋಗದಲ್ಲಿ ನನಗೆ ಅಸಿಸ್ಟೆಂಟ್ ಆಗಿದ್ದ ಲಿಯೋನಾ ಅವರು ಇಲ್ಲೇ ಇದಾರೆ. ಒಂದು ಚಪ್ಪಾಳೆ ಕೊಡಿ!"

ಚಪ್ಪಾಳೆ ಬಿತ್ತು. ವರ್ಷಾ ಎಂಬ ಕಾರ್ಯದರ್ಶಿ ಓಡಿಬಂದು ಮೈಕು ಲಿಯೋನಾಳ ಕೈಗೆ ಕೊಟ್ಟಳು.

"ಮೇಡಂ, ನೀವೇ ಹೇಳಿ, ಅದು ಕೈಕೋಳವೇ ಅಲ್ವಾ?" ಎಂದು ಹಿಂದಿನಿಂದ ಸಂಕೇತ್ ಕೂಗಿದ.

"ಗೊತ್ತಿಲ್ಲ," ಎಂದಳು ಲಿಯೋನಾ.

ಸಭೆ ಕಾಯಿತು. ಅವಳು ಮುಂದುವರಿಸಲಿಲ್ಲ. ಪಾಪ, ಇವಳಿಗೆ ಗೊತ್ತಿಲ್ಲವಂತೆ ಎಂಬಂತೆ ಒಂದಿಷ್ಟು ತಲೆಗಳು ಅಲ್ಲಾಡಿ, ಮತ್ತೆ ರಘುನಾಥರ ಕಡೆ ತಿರುಗಿದವು. ಅವಳು ಮೈಕು ವಾಪಸು ಕೊಟ್ಟಳು. ಈ ಜನಕ್ಕೆ ನಿಜ ಬೇಕಿಲ್ಲ, ಒಂದು ವಾಕ್ಯ ಬೇಕು, ಯಾವುದಾದರೂ ಸರಿ. ಕಂಚಿನ ಮುಂದೆ ನಿಂತ ಆ ಹೆಣಿಗೆಯ ಹೆಂಗಸೇ ಇವರಿಗಿಂತ ಮೇಲು ಎನಿಸಿತು. ಅವಳಿಗೆ ಹೆಣೆಯಲಾದರೂ ಬರುತ್ತಿತ್ತು.

ಊಟದ ಸಾಲಿನಲ್ಲಿ ಶಾರದಾ ಬಡಿಸುತ್ತಿದ್ದರು. ಲಿಯೋನಾಳ ತಟ್ಟೆಗೆ ಹುರುಳಿಕಾಯಿ ಪಲ್ಯ ಹಾಕಿ, ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವಳ ಜೊತೆ ಪಕ್ಕಕ್ಕೆ ಬಂದರು.

"ಆವತ್ತು ನೀವು ಇನ್ನೂ ಸ್ವಲ್ಪ ನಿಧಾನ ಮಾಡಬಹುದಿತ್ತು," ಎಂದರು.

"ಯಾಕೆ?"

"ಇವರು ನಿಜ ಮಾತಾಡಿದ್ದು ಕೇಳಿ ಎಷ್ಟು ವರ್ಷ ಆಗಿತ್ತೋ." ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ಆ ರೂಮಿನ ವಿಷಯ ನನಗೆ ಹೇಳೇ ಇರಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋಗ್ತಾರೆ. ಇವತ್ತು ಮೀಟಿಂಗ್ ಇದೆ, ನಾನಿಲ್ದೆ ಆಗಲ್ಲ ಅಂತಾರೆ. ನಾನೂ ಹೂಂ ಅಂತೀನಿ. ನಾನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ ಅಂತ ಅವರಿಗೆ ಗೊತ್ತಿಲ್ಲ."

"ಹೇಳೋದಿಲ್ವಾ ಅವರಿಗೆ?"

"ಹೇಳಿದ್ರೆ ಅದಕ್ಕೂ ಒಂದು ಕಾರಣ ಹೇಳ್ತಾರೆ. ಬೇಡ ಬಿಡಿ."

ಅಷ್ಟರಲ್ಲಿ ರಘುನಾಥರು ತಟ್ಟೆ ಹಿಡಿದು ಅಲ್ಲಿಗೇ ಬಂದರು. ತೋರುಬೆರಳ ಗಂಟು ಇನ್ನೂ ಸ್ವಲ್ಪ ಕೆಂಪಗಿತ್ತು.

"ಏನು, ಇಬ್ಬರೂ ಗುಸುಗುಸು?"

"ಏನಿಲ್ಲ," ಎಂದರು ಶಾರದಾ. "ಪಲ್ಯಕ್ಕೆ ಉಪ್ಪು ಕಮ್ಮಿ ಆಗಿದೆ ಅಂತಿದ್ವಿ."

ರಘುನಾಥರು ಪಲ್ಯದ ರುಚಿ ನೋಡುವ ಗೋಜಿಗೆ ಹೋಗಲಿಲ್ಲ. "ಅದಕ್ಕೊಂದು ರೀಸನ್ ಇದೆ," ಎಂದು ಶುರುಮಾಡಿದರು. "ದೊಡ್ಡ ಪಾತ್ರೇಲಿ ಮಾಡಿದಾಗ ಸರ್ಫೇಸ್ ಏರಿಯಾ ಕಮ್ಮಿ ಆಗತ್ತೆ. ನೀರು ಆವಿ ಆಗೋದು ನಿಧಾನ. ಅದೂ ಅಲ್ದೆ ಇಲ್ಲಿನ ಉಪ್ಪು..."

ಶಾರದಾ ಕಿಟಕಿಯ ಕಡೆ ನೋಡತೊಡಗಿದರು. ಹೊರಗೆ ಕತ್ತಲು, ಕಾರುಗಳ ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗುತ್ತಿತ್ತು. ಲಿಯೋನಾ ತಟ್ಟೆ ಹಿಡಿದುಕೊಂಡು, ಎಂದಿನ ತಾತ್ಸಾರದಿಂದಲೇ, ಆದರೆ ಬಿಟ್ಟು ಹೋಗದೆ, ಮಾತು ಮುಗಿಯುವ ತನಕ ನಿಂತು ಕೇಳಿದಳು. ಮಧ್ಯೆ ಒಮ್ಮೆ "ಹೌದಾ ಸರ್?" ಎಂದೂ ಅಂದಳು.

ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು.